ಹೊನ್ನವ್ವ ತವರಿಗೆ ಹೋದ ಶ್ರಾವಣ

ನಿನ್ನೆ ಶಾಲೆ ಬಿಟ್ಟು ಕಂಟೋನ್ಮೆಂಟಿನ ದಾರಿಯಲ್ಲಿ ಬರುತ್ತಿದ್ದಾಗ ಯಾರದೋ ಹಿತ್ತಲಿನಿಂದ ಜೋಳದ ಅಳ್ಳು ಹುರಿಯುವ ವಾಸನೆ ಬಂತು. ಕಾದ ಮರಳಿನಲ್ಲಿ ಕಾಳು ಒಡೆದು ಬೆಳ್ಳಗಾಗುವಾಗ ಏಳುವ, ಅರ್ಧ ಸುಟ್ಟ, ಅರ್ಧ ಸಿಹಿಯಾದ ವಾಸನೆ. ನಮ್ಮ ಸೀಮೆಯಲ್ಲಿ ಅದು ಮೂಗಿಗೆ ಬಿತ್ತೆಂದರೆ ನಾಗರ ಪಂಚಮಿ ಬಂತೆಂದೇ ಲೆಕ್ಕ. ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು, ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರನ್ನು ಕರೆತರಲು ಹೊರಡುವ ಕಾಲ. ನನ್ನನ್ನು ಕರೆಯಲು ಬರುವ ಅಣ್ಣನಿಲ್ಲ, ಬಿಟ್ಟುಬರಬೇಕಾದ ಅತ್ತೆಯ ಮನೆಯೂ ಇಲ್ಲ. ಅದರ ಕಾರಣ ಇಲ್ಲಿ ಬೇಡ. ಆದರೆ ಐದಾರು ವರ್ಷಗಳ ಹಿಂದಿನ ಒಂದು ಶ್ರಾವಣದಲ್ಲಿ ನಾನೂ ಬೀಗರ ಕಡೆಯವಳಾಗಿ ನಿಂತಿದ್ದೆ. ಬಂದವರು ಕರೆದೊಯ್ಯಲು ಕೇಳಿದ್ದು ಒಂದು ಕಲ್ಲನ್ನು.

ನಾನು ಮದರಾಸಿನಲ್ಲಿ ಕಾಲೇಜು ಮುಗಿಸಿ ಊರಿಗೆ ಮರಳಿದ ವರ್ಷ ಅದು. ಪದವಿ ಪಡೆದ ಹೆಣ್ಣುಮಗಳನ್ನು ಏನು ಮಾಡಬೇಕೆಂದು ಬಳ್ಳಾರಿಗೆ ಇನ್ನೂ ತಿಳಿದಿರಲಿಲ್ಲ, ನನಗೂ ಅಷ್ಟೇ. ಮಳೆಗಾಲದ ಹೊತ್ತಿಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಸಂಜೆ ಅಪ್ಪನ ಜೊತೆ ನಡೆಯುವುದೇ ನನ್ನ ಉದ್ಯೋಗ. ಅಪ್ಪ ಸರಕಾರಿ ಕಚೇರಿಯಲ್ಲಿ ಹಿರಿಯ ಗುಮಾಸ್ತರು. ಊರಿನ ಹತ್ತಾರು ಜನ ಚಂದಾ ಕೂಡಿಸಿ ಕೋಟೆಯ ಕೆಳಗೆ ಕಟ್ಟಿಸುತ್ತಿದ್ದ ವಾಚನಮಂದಿರದ ಕಮಿಟಿಗೆ ಅವರೇ ಸೆಕ್ರೆಟರಿ.

ಬಳ್ಳಾರಿಗೆ ನೆನಪಿನ ಗುರುತುಗಳು ಕಡಿಮೆಯೇನಲ್ಲ. ಒಂದೇ ಬಂಡೆಯಂತೆ ಎದ್ದ ಗುಡ್ಡ, ಅದರ ಮೇಲೆ ಕೋಟೆ. ಕೋಟೆಯನ್ನು ಕಟ್ಟಿಕೊಟ್ಟ ಪರಂಗಿ ಎಂಜಿನಿಯರನನ್ನು, ಎದುರಿನ ಕುಂಬಾರ ಗುಡ್ಡ ಇನ್ನೂ ಎತ್ತರವಿದೆಯೆಂದು ತಿಳಿದ ಮೇಲೆ, ನವಾಬರು ಗಲ್ಲಿಗೇರಿಸಿದರಂತೆ. ಆ ಕಥೆ ಹೇಳಲು ಬಾರದ ಮಗು ಊರಿನಲ್ಲಿಲ್ಲ. ಕೋಟೆಯ ಬಾಗಿಲ ಬಳಿಯ ಗೋರಿ ಅವನದೇ ಎನ್ನುವವರಿದ್ದಾರೆ. ಅಲ್ಲ, ಅದು ಒಬ್ಬ ಸಂತರದು ಎಂದು ಹೂವಿನ ಚಾದರ ಹೊದಿಸುವವರೂ ಇದ್ದಾರೆ. ಇಬ್ಬರೂ ಅದರ ಮುಂದೆ ಚಪ್ಪಲಿ ಬಿಡುತ್ತಾರೆ. ಅದು ನನಗೆ ಯಾವಾಗಲೂ ಮೆಚ್ಚುಗೆಯ ವಿಷಯ. ಇತ್ತ ಕಂಟೋನ್ಮೆಂಟಿನಲ್ಲಿ ಇಂಗ್ಲಿಷ್ ದಂಡಿನವರ ಗೋರಿಗಳು. ಪ್ರತಿಯೊಂದರ ಮೇಲೂ ಹೆಸರು, ಪಲ್ಟನು, ಕೊನೆಗೆ ಜ್ವರ.

ಒಂದು ಸಂಜೆ ಅಪ್ಪ ಆ ಗೋರಿಗಳ ಪಕ್ಕ ನಿಂತು ಹೇಳಿದರು: “ನೋಡವಾ, ದಂಡಿಗೆ ಬಂದು ಮಳೆಗಾಲ ಕಳಿಯೋದರಾಗ ಜ್ವರಕ್ಕ ಸತ್ತ ಹುಡುಗನ ಹೆಸರು ನನಗ ಬಾಯಿಪಾಠ ಆಗೇದ. ಈ ನೆಲದಾಗ ಹುಟ್ಟಿ ಬೆಳದೋರ ಹೆಸರು ಒಂದು ಕಲ್ಲಿನ ಮ್ಯಾಲ ತೋರಸು ನೋಡೋಣ.”

ನನಗೆ ತೋರಿಸಲಾಗಲಿಲ್ಲ. ವಾಚನಮಂದಿರದ ಮುಂದೆ ನಮ್ಮ ನೆಲದ ಒಂದು ಕಲ್ಲು ನಿಲ್ಲಿಸಬೇಕೆಂಬ ಯೋಚನೆ ಅಲ್ಲಿಂದ ಶುರುವಾಯಿತು. ಸಿರುಗುಪ್ಪದ ಕಡೆಯ ದೇಶನೂರಿನಲ್ಲಿ, ಭತ್ತದ ಗದ್ದೆಗಳ ನಡುವಿನ ಹಳೆಯ ಕಾಲುವೆಯ ಏರಿಯ ಮೇಲೆ ಒಂದು ವೀರಗಲ್ಲಿದೆ, ಏರಿಯನ್ನು ಹೊಸದಾಗಿ ಕಟ್ಟುವಾಗ ಅದನ್ನು ಹೇಗೂ ಕೀಳಬೇಕಾಗುತ್ತದೆ ಎಂದು ಯಾರೋ ಸುದ್ದಿ ತಂದರು. ಬೇಸಿಗೆಯಲ್ಲಿ ಅಪ್ಪ ಗಾಡಿ ಕಟ್ಟಿಸಿದರು. ನಾನೂ ಹೊರಟೆ. ಮೊದಲ ರಾತ್ರಿ ಕುರುಗೋಡಿನಲ್ಲಿ ತಂಗಿ, ಅಲ್ಲಿನ ಬೃಹತ್ ಬಸವಣ್ಣನಿಗೆ ಕೈಮುಗಿದು ಮುಂದೆ ಸಾಗಿದೆವು.

ಕಲ್ಲನ್ನು ನೋಡಿದ ಕೂಡಲೇ ಅದು ನನಗೆ ಇಷ್ಟವಾಯಿತು. ಎದೆಮಟ್ಟದ ಕಪ್ಪು ಚಪ್ಪಡಿ. ಕೆಳಗೆ ಹಸುಗಳ ಸಾಲು. ಅವುಗಳ ಮುಂದೆ ಕಚ್ಚೆ ಬಿಗಿದು ಕುಡುಗೋಲು ಎತ್ತಿದ ಹೆಂಗಸು. ಎದುರಿಗೆ ಕುದುರೆಯೇರಿದ ಇಬ್ಬರು ದನಗಳ್ಳರು. ಮೇಲಿನ ಅಂಕಣದಲ್ಲಿ ಅದೇ ಹೆಂಗಸು ಒಬ್ಬಳೇ ಕುಳಿತಿದ್ದಾಳೆ, ಎರಡು ಪಕ್ಕಕ್ಕೂ ಚಾಮರ. ಅಕ್ಷರವಿದ್ದ ಪಟ್ಟಿ ಸವೆದು ನುಣುಪಾಗಿತ್ತು. ಆದರೆ ಮುಖ ಉಳಿದಿತ್ತು. ಅದರಲ್ಲಿ ಕೋಪವಿರಲಿಲ್ಲ. ಕೆಲಸದ ಮಧ್ಯೆ ಕರೆದರೆ ನಾವು ತಲೆ ಎತ್ತುತ್ತೇವಲ್ಲ, ಅಂಥ ಮುಖ. ಊರವರು ಅವಳನ್ನು ಹೊನ್ನವ್ವ ಎನ್ನುತ್ತಿದ್ದರು.

ಆ ಕಲ್ಲಿಗೆ ದಿನವೂ ದೀಪ ಹಚ್ಚುತ್ತಿದ್ದುದು ಈರಪ್ಪ ಎಂಬ ರೈತನ ಮನೆಯವರು. ಈರಪ್ಪನ ಅಕ್ಕ ಹನುಮವ್ವನನ್ನು ನಾನು ಕೇಳಿದೆ: “ಹೊನ್ನವ್ವ ನಿಮಗೇನಾಗಬೇಕು?”

“ಏನಾಗಬೇಕಂದ್ರ? ಮನಿ ಮಗಳು.”

“ಎಷ್ಟು ಕಾಲದವಳು?”

“ಅದೇನ ಗೊತ್ತೈತಿ ತಂಗಿ. ನಮ್ಮಜ್ಜಿ ಸಣ್ಣಾಕಿ ಇದ್ದಾಗೂ ಆಕಿ ಇಷ್ಟ ಎತ್ತರ ಇದ್ಲಂತ.”

ಚಾವಡಿಯಲ್ಲಿ ಹಿರಿಯರು ಕೂಡಿದರು. ಅಪ್ಪ ವಾಚನಮಂದಿರವನ್ನು ಬಣ್ಣಿಸಿದರು. ಕಲ್ಲು ಕಟ್ಟೆಯ ಮೇಲಿರುತ್ತದೆ, ಮಳೆಬಿಸಿಲಿಗೆ ಸೂರಿರುತ್ತದೆ, ಸಾವಿರ ಜನ ನೋಡುತ್ತಾರೆ ಎಂದರು. ಈರಪ್ಪ ಮೀಸೆ ಸವರುತ್ತ ಕೇಳಿಸಿಕೊಂಡ.

“ಅಲ್ರಿ ರಾಯರ, ನೀವು ಹೆಣ್ಣು ಕೇಳಾಕ ಬಂದೋರಂಗ ಮಾತಾಡಾಕ ಹತ್ತೀರಲ್ಲ.”

ಅಪ್ಪನಿಗೆ ಹಾಸ್ಯವೆಂದರೆ ಪ್ರಾಣ. “ಹಂಗ ತಿಳಕೋರಿ ಈರಪ್ಪ. ಬಳ್ಳಾರಿಗೆ ಹೆಣ್ಣು ಕೇಳಲಿಕ್ಕೇ ಬಂದೇವಿ. ಚಲೋ ಮನಿತನ, ಹೊಸಾ ಮನಿ.”

ಯಾರೂ ನಗಲಿಲ್ಲ. ಹಿರಿಯರು ಎದ್ದು ಹೋಗಿ ಬೇವಿನ ಮರದ ಕೆಳಗೆ ಬಹಳ ಹೊತ್ತು ಮಾತಾಡಿದರು. ಮರಳಿ ಬಂದು ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಅಪ್ಪನ ಮುಂದೆ ಹಿಡಿದರು. ಅಪ್ಪ ತೆಗೆದುಕೊಂಡರು. ಅತಿಥಿಗೆ ಕೊಟ್ಟ ತಾಂಬೂಲವೆಂದು ಅವರು ತಿಳಿದರು. ಹತ್ತು ಜನರ ಮುಂದೆ ಹೆಣ್ಣು ಕೇಳಿ ವೀಳ್ಯ ಹಿಡಿದ ಮೇಲೆ ಅದು ಸಂಬಂಧ ಎಂದು ದೇಶನೂರು ತಿಳಿಯಿತು.

ಮರುದಿನ ಬೆಳಿಗ್ಗೆ ಹೆಂಗಸರು ಕಲ್ಲಿಗೆ ಎಣ್ಣೆ ಹಚ್ಚಿ ಎರೆದು, ಹಸಿರು ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಹೊಸ ಭತ್ತದ ಅಕ್ಕಿ ಇಟ್ಟು ಉಡಿ ತುಂಬಿದರು. ಗಾಡಿಯಲ್ಲಿ ಮಲಗಿಸಲು ಬಿಡಲಿಲ್ಲ. “ಮಲಗಿಸಿ ಒಯ್ಯಾಕ ಆಕೀಗೇನಾಗೇತಿ?” ಎಂದು ಹನುಮವ್ವ ಗದರಿದಳು. ಹುಲ್ಲಿನ ಸಿವುಡುಗಳ ನಡುವೆ ಹೊನ್ನವ್ವ ನೆಟ್ಟಗೆ ಕುಳಿತೇ ಬಳ್ಳಾರಿಗೆ ಬಂದಳು. ಹೊರಡುವಾಗ ಹೆಂಗಸರು ಅತ್ತರು. ಚೆಂದದ ಪದ್ಧತಿ ಎಂದು ಅಪ್ಪ ನನಗೆ ಹೇಳಿದರು.

ವಾಚನಮಂದಿರದ ಮುಂದಿನ ಕಟ್ಟೆಯ ಮೇಲೆ ಕಲ್ಲು ನಿಂತಿತು. ಪಕ್ಕದಲ್ಲಿ ಒಂದು ಹಲಗೆ: ‘ವೀರಗಲ್ಲು. ದೇಶನೂರಿನಲ್ಲಿ ಸಿಕ್ಕಿದ್ದು.’ ಪ್ರಾರಂಭೋತ್ಸವಕ್ಕೆ ಕಲೆಕ್ಟರ್ ದೊರೆ ಬರಬೇಕು. ಅವರು ಸರ್ಕೀಟು ಮುಗಿಸಿ ಬರುವುದು ಶ್ರಾವಣದಲ್ಲಿ. ಮಳೆ ಕಳೆದ ಮೇಲೆ ಗಾರೆ ಹಾಕಿದರಾಯಿತೆಂದು ಕಲ್ಲನ್ನು ಹಾಗೆಯೇ ನಿಲ್ಲಿಸಿದ್ದರು. ನಿಜ ಹೇಳಬೇಕೆಂದರೆ ಊರು ಅದನ್ನು ಗಮನಿಸಲಿಲ್ಲ. ಹುರಿದ ಪುಟಾಣಿ ಕಡಲೆ ಮಾರುವವನು ಬುಟ್ಟಿಯನ್ನು ಅದಕ್ಕೆ ಆನಿಸಿಡುತ್ತಿದ್ದ. ಜಟಕಾದವರು ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದರು. ಗುಡ್ಡಕ್ಕಿದ್ದ ಕಥೆ ಅದಕ್ಕಿರಲಿಲ್ಲ, ಗೋರಿಗಿದ್ದ ಹೂವು ಅದಕ್ಕಿರಲಿಲ್ಲ.

ಪಂಚಮಿಗೆ ಇನ್ನೂ ವಾರವಿದ್ದಾಗ ಒಂದು ಮಧ್ಯಾಹ್ನ ಕಟ್ಟೆಯ ಮುಂದೆ ಎರಡು ಗಾಡಿಗಳು ಬಂದು ನಿಂತವು. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಈರಪ್ಪ ಹೊಸ ರುಮಾಲು ಸುತ್ತಿದ್ದ. ಹನುಮವ್ವ ಇಳಿದವಳೇ ಹೊನ್ನವ್ವನ ಮುಖವನ್ನು ಸೆರಗಿನಿಂದ ಒರೆಸಿದಳು. ಒಳಗೆ ಕಮಿಟಿಯ ಸಭೆ ನಡೆದಿತ್ತು. ಉತ್ಸವದ ದಿನ ಪಂಚಮಿಯಾದ ಮೇಲಿನ ಸೋಮವಾರವೆಂದು ಗೊತ್ತಾಗಿತ್ತು. ಶಾಲೆಗೆ ರಜೆಯಿದ್ದುದರಿಂದ ನಾನು ಪುಸ್ತಕ ಜೋಡಿಸಲು ಹೋಗಿದ್ದೆ.

“ಏನ್ ಬೀಗ್ರ, ನಮ್ಮ ಹುಡುಗಿ ಸೊರಗ್ಯಾಳಲ್ಲ! ಎಣ್ಣಿ ಇಲ್ಲ, ನೀರಿಲ್ಲ, ಹೊಟ್ಟಿಗರೆ ಹಾಕೀರಿಲ್ಲ?” ಎಂದು ಹನುಮವ್ವ ಬಾಗಿಲಿನಿಂದಲೇ ಕೇಳಿದಳು.

ಅಪ್ಪ ಗಾಬರಿಯಿಂದ ಹೊರಬಂದರು. ಹಿಂದೆಯೇ ಕಮಿಟಿಯ ಅಧ್ಯಕ್ಷರಾದ ವಕೀಲ ವೆಂಕಟಪ್ಪಯ್ಯನವರು. ಮನೆಯ ಮಾತು ತೆಲುಗು, ಕೋರ್ಟಿನ ಮಾತು ಇಂಗ್ಲಿಷು, ಸಿಟ್ಟಿನ ಮಾತು ಕನ್ನಡ. ಊರಿನಲ್ಲಿ ಎಲ್ಲರೂ ಅವರಿಗೆ ಹೆದರುತ್ತಿದ್ದರು.

“ಪಂಚಮಿಗೆ ಕರಕೊಂಡು ಹೋಗಾಕ ಬಂದೀವ್ರಿ,” ಎಂದ ಈರಪ್ಪ.

“ಯಾರನ್ನ?” ಎಂದರು ವಕೀಲರು.

“ಹೊನ್ನವ್ವನ್ನ.”

“ಏಮಯ್ಯಾ, ಕಲ್ಲಿಗೆ ತವರೇನಯ್ಯಾ?”

“ಕಲ್ಲಿಗೆ ಇಲ್ರಿ. ಹೊನ್ನವ್ವಗ ಐತಿ. ಮೊದಲನೇ ಪಂಚಮಿ. ಕಳಸಲಿಲ್ಲಂದ್ರ ನಾಕು ಮಂದಿ ಏನಂದಾರು?”

ವೆಂಕಟಪ್ಪಯ್ಯನವರು ಅಪ್ಪನ ಕಡೆ ತಿರುಗಿದರು. “ರಾಯರ, ಏನಿದು ನಾಟಕ? ಹಿಂಗಂತ ಒಪ್ಪಿ ಬಂದೀರೇನು?”

ಚಾವಡಿಯಲ್ಲಿ ನಡೆದದ್ದರ ಅರ್ಥ ಅಪ್ಪನಿಗೆ ಒಂದೊಂದಾಗಿ ಹೊಳೆಯುತ್ತಿದ್ದುದನ್ನು ಅವರ ಮುಖದಲ್ಲಿ ನಾನು ಕಂಡೆ. ನಗೆಯ ಮಾತಾಗಿತ್ತು ಎಂದು ಅವರು ಹೇಳಬಹುದಿತ್ತು. ಹಳ್ಳಿಯವರು ಸುಮ್ಮನೆ ಹಿಂತಿರುಗುತ್ತಿದ್ದರು, ಕಮಿಟಿಯೂ ಸುಮ್ಮನಾಗುತ್ತಿತ್ತು. ಅಪ್ಪ ಹಾಗೆ ಹೇಳಲಿಲ್ಲ. “ಹೌದು,” ಎಂದರು. “ಹೆಣ್ಣು ಕೇಳಿದ್ದು ನಾನೇ. ವೀಳ್ಯ ಹಿಡದದ್ದೂ ನಾನೇ.”

ಅಷ್ಟರಲ್ಲಿ ಹನುಮವ್ವ ನನ್ನನ್ನು ಕರೆದು, ಹಲಗೆಯಲ್ಲಿ ಏನು ಬರೆದಿದೆ ಎಂದು ಕೇಳಿದಳು. ಓದಿದೆ.

“ಸಿಕ್ಕಿದ್ದಾ?” ಎಂದಳು ಅವಳು, ಎಲ್ಲರಿಗೂ ಕೇಳುವಂತೆ. “ನಾವು ಯಾವಾಗ ಕಳಕೊಂಡಿದ್ವಿ?”

ಕೊನೆಗೆ ವೆಂಕಟಪ್ಪಯ್ಯನವರು ವಕೀಲರಂತೆಯೇ ಮಾತು ಮುಗಿಸಿದರು. “ಕಳಸ್ರಿ. ಸೋಮವಾರ ದೊರೆ ಬಂದಾಗ ಕಟ್ಟೆ ಖಾಲಿ ಇದ್ರ, ಇಡೀ ಬಳ್ಳಾರಿ ಮುಂದ ಉತ್ತರ ಹೇಳೋರು ನೀವು. ಈ ಕಮಿಟಿಯಾಗ ನಿಮ್ಮ ಹೆಸರು ಅವತ್ತಿಗೆ ಮುಗೀತು.”

“ಆಗಲಿ,” ಎಂದರು ಅಪ್ಪ.

ಈರಪ್ಪ ಅಪ್ಪನ ಕೈಹಿಡಿದು, “ಭಾನುವಾರ ದೀಪ ಹಚ್ಚೋದರಾಗ ತಂದು ಬಿಡತೀವ್ರಿ,” ಎಂದ. ಗಾಡಿ ಹೊರಟಿತು. ಹೊನ್ನವ್ವ ನಮ್ಮ ಕಡೆಗೆ ಮುಖಮಾಡಿ ಕುಳಿತಿದ್ದಳು. ತಿರುವಿನಲ್ಲಿ ಮರೆಯಾಗುವವರೆಗೂ ಆ ತಲೆ ಎತ್ತಿದ ನೋಟ ಕಾಣುತ್ತಿತ್ತು.

ಅನಂತರದ ದಿನಗಳೇ ನನಗೆ ಹೆಚ್ಚು ನೆನಪು. ಮೋಡ ಕವಿದು, ಗುಡ್ಡದ ಬಂಡೆ ನೀರು ಕುಡಿದು ಕಪ್ಪಾಗಿ, ಊರೆಲ್ಲ ಹಸಿಮಣ್ಣಿನ ವಾಸನೆ. ಖಾಲಿ ಕಟ್ಟೆಯನ್ನು ಜನ ನಿಂತು ನೋಡತೊಡಗಿದರು. ಕಲ್ಲಿದ್ದಾಗ ತಿರುಗಿ ನೋಡದವರು ಈಗ ಕೇಳುತ್ತಿದ್ದರು. ಪುಟಾಣಿಯವನಿಗೆ ದಿನವೂ ಉತ್ತರ ಹೇಳುವುದೇ ಕೆಲಸವಾಯಿತು: “ತವರಿಗೆ ಹೋಗ್ಯಾಳ್ರಿ.” ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ, “ಯಾವಾಗ ಬರತಾಳ?” ಎನ್ನುತ್ತಿದ್ದರು. ಜಟಕಾದ ಮುದುಕ ಸಾಹೇಬರು ನನ್ನನ್ನು ಕಂಡಾಗಲೆಲ್ಲ, “ಬೇಟಿ, ನಮ್ಮ ಮನಿಯಾಕೀನೂ ತವರಿಗೆ ಹೋಗ್ಯಾಳ. ಮನಿ ಬಣಬಣ ಅಂತೈತಿ. ಈ ಕಟ್ಟೀನೂ ಹಂಗ,” ಎನ್ನುತ್ತಿದ್ದರು. ಅವರು ಆ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುವುದನ್ನು ಬಿಟ್ಟಿದ್ದರು. ಯಾರೂ ಹೇಳಿರಲಿಲ್ಲ.

ಶಾಲೆಯಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳಿಗೆ, “ನಮ್ಮ ಹೊನ್ನವ್ವ ಕುದರಿಯವರನ್ನ ಹೊಡದೋಡ್ಸಿದ್ದು ಗೊತ್ತೇನ ನಿನಗ?” ಎಂದು ಹೇಳುವುದನ್ನು ಕೇಳಿದೆ. ‘ನಮ್ಮ’ ಎಂಬ ಮಾತು ಆ ಕಲ್ಲಿನ ಬಗ್ಗೆ ಬಳ್ಳಾರಿಯವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಟ್ಟೆ ಕಟ್ಟಿ, ಹಲಗೆ ಬರೆಸಿ, ದೊರೆಯನ್ನು ಕರೆಸಿ ಒಂದು ಕಲ್ಲನ್ನು ಊರಿನದಾಗಿ ಮಾಡಬಹುದೆಂದು ನಾವು ನಂಬಿದ್ದೆವು. ದೇಶನೂರಿನವರು ಅವಳನ್ನು ವಾಪಸು ಕರೆದುಕೊಂಡು ಹೋಗಿ ಆ ಕೆಲಸ ಮಾಡಿದರು. ಇಲ್ಲದವರ ದಾರಿ ಕಾಯುವುದರಿಂದ ಒಬ್ಬರು ನಮ್ಮವರಾಗುತ್ತಾರೆ ಎಂಬುದು ಪ್ರತಿ ವರ್ಷ ಹೆಣ್ಣುಮಕ್ಕಳನ್ನು ಕಳಿಸಿ ಕರೆಸಿಕೊಳ್ಳುವ ಜನಕ್ಕೆ ತಿಳಿದ ವಿಷಯ. ನಾನು ಅದನ್ನು ಕಾಲೇಜಿನಲ್ಲಿ ಓದಿರಲಿಲ್ಲ. ಆ ವಾರದಲ್ಲಿಯೇ ಅಪ್ಪ ಹಲಗೆಯ ಮೇಲಿನ ‘ಸಿಕ್ಕಿದ್ದು’ ಎಂಬುದನ್ನು ಕೆರೆಸಿದರು. ಆ ಜಾಗದಲ್ಲಿ ಏನು ಬರೆಸಬೇಕೆಂದು ನಿರ್ಧರಿಸಿರಲಿಲ್ಲ.

ಭಾನುವಾರ ದೀಪ ಹಚ್ಚಿದರು. ಗಾಡಿ ಬರಲಿಲ್ಲ.

ಎರಡು ದಿನದಿಂದ ಮಳೆ ಹಿಡಿದಿತ್ತು. ಆ ದಾರಿಯ ಎರೆಮಣ್ಣು ನೆನೆದರೆ ಚಕ್ರಕ್ಕೆ ಸುತ್ತಿಕೊಂಡು ಬಿಡುವುದಿಲ್ಲ. ಸೋಮವಾರ ಬೆಳಕು ಹರಿಯುವ ಮೊದಲೇ ಅಪ್ಪ ಜಟಕಾ ಸಾಹೇಬರನ್ನು ಕರೆಸಿದರು. ಉತ್ಸವ ಸಂಜೆಗೆ. ನಾನೂ ಬರುತ್ತೇನೆ ಎಂದೆ. ಅಪ್ಪ ಬೇಡವೆನ್ನಲಿಲ್ಲ. ದಾರಿಯುದ್ದಕ್ಕೂ ಕೊಡೆಯ ಹಿಡಿಯನ್ನು ತಿರುವುತ್ತಿದ್ದರು. ಒಮ್ಮೆ ಮಾತ್ರ, “ಅವರು ತರತಾರ ಮಗಳ. ಅದರ ಚಿಂತಿ ಅಲ್ಲ. ಹೊತ್ತಿನ ಚಿಂತಿ,” ಎಂದರು.

ಕುರುಗೋಡು ತಲುಪುವ ಹೊತ್ತಿಗೆ ಮಳೆ ಹೊಳವಾಗಿತ್ತು. ಬಸವಣ್ಣನ ಗುಡಿಯ ಮುಂದೆ ಜಾತ್ರೆಯಂತೆ ಹೆಂಗಸರು. ನಡುವೆ ದೇಶನೂರಿನ ಗಾಡಿ. ಹೊನ್ನವ್ವ ಹಸಿರು ಸೀರೆ ಉಟ್ಟು, ಕುತ್ತಿಗೆಯವರೆಗೆ ಕುಪ್ಪಸದ ಕಣಗಳಲ್ಲಿ ಹುದುಗಿದ್ದಳು. ಅವಳ ಸುತ್ತ ತೆಂಗಿನಕಾಯಿ, ಎಳ್ಳುಂಡೆ, ಅಳ್ಳಿನ ಬುಟ್ಟಿಗಳು. ಈರಪ್ಪ ಅಪ್ಪನನ್ನು ಕಂಡು ತಲೆಯ ಮೇಲೆ ಕೈಹೊತ್ತ.

“ಏನ್ ಮಾಡ್ಲಿ ರಾಯರ! ಕೆಸರಿನಾಗ ಸಿಕ್ಕಿದ್ದು ಅರ್ಧಾ ದಿನ. ಉಳಿದದ್ದೆಲ್ಲ ಈ ಹೆಣ್ಮಕ್ಕಳು! ದಾರ‍್ಯಾಗ ಒಂದ ಊರರೆ ಬಿಟ್ಟಾವೇನು? ‘ಗಂಡನ ಮನಿಗೆ ಹೊಂಟಾಕಿ ನಮ್ಮೂರ ಮುಂದ ಬರಿ ಉಡೀಲೆ ಹಾದು ಹೋಗಬೇಕಾ’ ಅಂತ ಗಾಡಿಗೆ ಅಡ್ಡ ನಿಂದರತಾರ. ಬ್ಯಾಡ ಅನ್ನಾಕ ನನಗ ಬಾಯಿ ಬರಲಿಲ್ರಿ.”

“ಅನ್ನೋದೂ ಅಲ್ಲ ಬಿಡು,” ಎಂದರು ಅಪ್ಪ. ಅವರ ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು.

ಎತ್ತುಗಳು ಸೋತಿದ್ದವು. ಕುರುಗೋಡಿನವರು ತಮ್ಮ ಎರಡು ಜೋಡಿ ತಂದು ಮುಂದೆ ಕಟ್ಟಿದರು. ಅವರದೇ ಎತ್ತು, ಅವರದೇ ಬಾರುಕೋಲು. ಬಳ್ಳಾರಿಯವರೆಗೆ ನಮ್ಮ ಹುಡುಗಿಯನ್ನು ನಾವೇ ಮುಟ್ಟಿಸುತ್ತೇವೆ ಎಂದು ಹಟ. ಕೆಸರಿದ್ದಲ್ಲೆಲ್ಲ ಅಪ್ಪ ಪಂಚೆ ಎತ್ತಿ ಕಟ್ಟಿ ಗಾಡಿಯ ಜೊತೆ ನಡೆದರು. ಅವರು ನಡೆಯುವುದನ್ನು ಜಟಕಾದಿಂದ ನೋಡುತ್ತ ನನಗೆ ಹೆಮ್ಮೆಯಾಯಿತು. ಅದನ್ನು ಅವರಿಗೆ ಎಂದೂ ಹೇಳಿಲ್ಲ.

ನಡುದಾರಿ ಕಳೆದ ಮೇಲೆ ಅಪ್ಪ ನನ್ನನ್ನು ಮುಂದೆ ಕಳಿಸಿದರು. “ಬರ‍್ಲಿಕ್ಕೆ ಹತ್ತ್ಯಾಳ ಅಂತ ಹೇಳು ಹೋಗು.”

ವಾಚನಮಂದಿರದ ಮುಂದೆ ತೋರಣ, ಕುರ್ಚಿಗಳು, ಊರಿನ ಅರ್ಧ ಜನ. ದೊರೆ ಬಂದು ಕುಳಿತಾಗಿತ್ತು. ಖಾಲಿ ಕಟ್ಟೆಯ ಪಕ್ಕ ವೆಂಕಟಪ್ಪಯ್ಯನವರು ಬೆವರು ಒರೆಸುತ್ತ ನಿಂತಿದ್ದರು. ನನ್ನನ್ನು ಕಂಡ ಕೂಡಲೇ, “ನೀನೇ ಹೇಳಮ್ಮಾ, ನನ್ನ ಬಾಯಿಂದ ಇದು ಬರಂಗಿಲ್ಲ,” ಎಂದು ದೊರೆಯ ಮುಂದೆ ಬಿಟ್ಟರು. ಅಷ್ಟು ಜನರ ನಡುವೆ ನಾನು ಎಂದೂ ಮಾತಾಡಿರಲಿಲ್ಲ. ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದೆ. ತವರು ಎಂಬುದಕ್ಕೆ ಆ ಭಾಷೆಯ ಒಂದು ಪದ ಹುಡುಕಿದೆ, ಸಿಗಲಿಲ್ಲ. ಆ ಮಾತನ್ನೇ ಇಟ್ಟು ಅರ್ಥ ಬಿಡಿಸಿದೆ. ಅವರು ಕೇಳಿಸಿಕೊಂಡು, ಗಡಿಯಾರವನ್ನು ಜೇಬಿಗೆ ಹಾಕಿ, ಹಾಗಾದರೆ ಕಾಯೋಣ ಎಂದರು.

ಗೆಜ್ಜೆಯ ಸದ್ದು ಮೊದಲು ಕೇಳಿದ್ದು ಪುಟಾಣಿಯವನಿಗೆ. “ಬಂದ್ಲು!” ಎಂದು ಕೂಗಿದ. ಜನ ಕುರ್ಚಿ ಬಿಟ್ಟು ಬೀದಿಗೆ ಓಡಿದರು. ಕೆಸರು ಮೆತ್ತಿದ ಆರು ಎತ್ತು, ಅವುಗಳ ಹಿಂದೆ ಹಸಿರು ಸೀರೆಯ ಹೊನ್ನವ್ವ, ಪಕ್ಕದಲ್ಲಿ ಮೊಣಕಾಲಿನವರೆಗೆ ಕಪ್ಪಾದ ಅಪ್ಪ.

ಇಳಿಸಲು ಗೊತ್ತುಮಾಡಿದ್ದ ಹಮಾಲರು ಮುಂದೆ ಬಂದರು. ಹನುಮವ್ವ ಕೈ ಅಡ್ಡ ಹಿಡಿದಳು. “ಕೂಲಿಯವರ ಕೈಲೆ ಇಳಿಸ್ಕೊಂತಾರೇನ್ರಿ ಮನಿ ಸೊಸೀನ? ನಾವು ತಂದು ಬಿಡೋರು. ಇಳಿಸ್ಕೊಳ್ಳೋರು ನೀವು.”

ಕಮಿಟಿಯವರೆಲ್ಲ ಉತ್ಸವಕ್ಕೆಂದು ಜರಿಯ ರುಮಾಲು, ಕರಿಯ ಕೋಟು ತೊಟ್ಟಿದ್ದರು. ಅಪ್ಪ ಗಾಡಿಗೆ ಕೈಕೊಟ್ಟರು. ಜಟಕಾ ಸಾಹೇಬರು ಇನ್ನೊಂದು ಕಡೆ ನಿಂತರು. ಮತ್ತೆ ಇಬ್ಬರು ವ್ಯಾಪಾರಿಗಳು. ಆದರೂ ಕಲ್ಲು ಮೇಲೇಳಲಿಲ್ಲ. ಆಗ ವೆಂಕಟಪ್ಪಯ್ಯನವರು ಕಾಲಿನ ಜೋಡು ಬಿಚ್ಚಿದರು. ಕೋಟು ಬಿಚ್ಚಲು ಮರೆತರು. ಬಗ್ಗಿ, ಚಪ್ಪಡಿಯ ತಳಕ್ಕೆ ಎರಡೂ ಕೈ ಹಾಕಿ, “ಪಟ್ಟಂಡಿ, ಹಿಡೀರಿ, ತಲಿ ಮ್ಯಾಲಿರಲಿ, ಆಕೀ ತಲಿ ಮ್ಯಾಲಿರಲಿ!” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದರು. ಐದು ಜನರ ಉಸಿರಿನೊಂದಿಗೆ ಹೊನ್ನವ್ವ ಕಟ್ಟೆ ಏರಿದಳು.

ಭಾಷಣಗಳಾದವು. ದೊರೆ ಹೋದರು. ತಂದ ಉಂಡೆ, ಅಳ್ಳನ್ನು ಹನುಮವ್ವ ಅಲ್ಲಿದ್ದವರಿಗೆಲ್ಲ ಹಂಚಿದಳು. ಅದು ಬೀಗರ ಮನೆಗೆ ಬಂದ ಪಂಚಮಿಯ ಬುತ್ತಿ, ಬೇಡವೆನ್ನುವಂತಿರಲಿಲ್ಲ. ಎತ್ತು ಹೂಡುವ ಹೊತ್ತಾಯಿತು. ಈರಪ್ಪ ಕಟ್ಟೆಯ ಮುಂದೆ ನಿಂತು, ತಂಗಿಯನ್ನು ಬಿಟ್ಟು ಹೋಗುವ ಅಣ್ಣನಂತೆ ಹೊನ್ನವ್ವನ ಸೆರಗು ಸರಿಮಾಡಿದ.

“ಬರೋ ಪಂಚಮಿಗೂ ಕಳಸತೀರಲ್ರಿ?”

ಅವನು ಕೇಳಿದ್ದು ಅಪ್ಪನನ್ನು. ಅಪ್ಪ ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಉತ್ತರ ಬಂತು. ವೆಂಕಟಪ್ಪಯ್ಯನವರು ಅರಿಷಿಣ, ಕೆಸರು ಮೆತ್ತಿದ ಕೋಟಿನಲ್ಲಿ ನಿಂತಿದ್ದರು. ಕೈಯಲ್ಲಿ ಅರ್ಧ ತಿಂದ ಎಳ್ಳುಂಡೆ.

“ನೀವು ಗಾಡಿ ತರಬ್ಯಾಡ್ರಿ. ನಾವೇ ಕರಕೊಂಡು ಬರತೀವಿ. ಬೀಗರ ಊರು ನಾನೂ ನೋಡಬೇಕು.”

ಹನುಮವ್ವ ಗಾಡಿಯೊಳಗಿಂದ ಇಣುಕಿ, ಅವರನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಅಳೆದಳು.

“ಬರ‍್ರಿ ಬೀಗ್ರ. ಬರೋವಾಗ ಹಸಕೊಂಡು ಬರ‍್ರಿ.”